ಬಿಲ್ಗಾರ್ತಿಗೆ ಒಂದು ವೋಟು

"ಆ ಬಿಲ್ಗಾರ್ತಿ ಪರವಾಗಿ ದಿನಾ ಜಗಳ ಆಡ್ತಿರೋದು... ನೀವೇನಾ?"

ಬೆನ್ನ ಹಿಂದಿನ ದನಿಗೆ ಹರಿಪ್ರಿಯಾ ಬೆಚ್ಚಿ ತಿರುಗಿದಳು. ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆ. ಅವಳ ಪರದೆಯನ್ನೇ ಓದುತ್ತ ನಿಂತಿದ್ದವನು ವಕ್ಕಲೇರಿಯ ಆಂಜಿ, ಅವಳದೇ ಕಾಲೇಜಿನವನು.

ಅದು 2007. ಬೇರೆ ಬೇರೆ ಗೇಮ್‌ಗಳ ವೀರರನ್ನೆಲ್ಲ ಒಂದೇ ಅಖಾಡಕ್ಕೆ ಇಳಿಸುವ ಹೊಸ ಫೈಟಿಂಗ್ ಗೇಮ್ ಬರಲಿತ್ತು. ಯಾರು ಸೇರಬೇಕು, ಯಾರು ಬೇಡ ಅಂತ ಇಂಟರ್ನೆಟ್ ಫೋರಂನಲ್ಲಿ ಯುದ್ಧವೇ ನಡೆದಿತ್ತು. ಹರಿಪ್ರಿಯಾ ಗಂಡು ಹೆಸರಿಟ್ಟುಕೊಂಡು ಒಕ್ಕಣ್ಣಿನ ಬಿಲ್ಗಾರ್ತಿಯ ಪರ ಬರೆಯುತ್ತಿದ್ದಳು. ಅವಳು ಬೇಡ, ಕಲ್ಲುಮೈಯ ದೈತ್ಯ ಬರಲಿ ಅಂತ ಹಟ ಹಿಡಿದವನು ಈ ಆಂಜಿ.

ಅವತ್ತು ವಾದಿಸಿದರು, ನಕ್ಕರು, ಮನೆಯ ಕಥೆಯನ್ನೆಲ್ಲ ಹೇಳಿಕೊಂಡರು. ಬಸ್ ತಪ್ಪುವ ಹೊತ್ತಿಗೆ 'ನೀವು' ಹೋಗಿ 'ನೀನು' ಆಗಿತ್ತು.

ಮರುದಿನ ಫೋರಂನಲ್ಲಿ 'ನೆರಳು' ಎಂಬ ಹೆಸರಿನಿಂದ ಒಂದು ಸಾಲು. "ಬಿಲ್ಗಾರ್ತಿ ಪರ ಬರೆಯೋದು ಹುಡುಗಿ. ಇವತ್ತು ನೀಲಿ ಚೂಡಿದಾರ."

ಅವಳು ತಟ್ಟನೆ ಪುಟ ಮುಚ್ಚಿದಳು.

ಆಮೇಲೆ ಅದು ನಿಲ್ಲಲೇ ಇಲ್ಲ. ಒಮ್ಮೆ ಅವಳ ಜಡೆಯ ಬಗ್ಗೆ. ಇನ್ನೊಮ್ಮೆ, "ಮುಳಬಾಗಿಲಿನ ಅಪ್ಪನಿಗೆ ಹೇಳ್ಲಾ?"

ಅಪ್ಪ ರಾಮಚಂದ್ರರಿಗೆ ತಿಳಿದರೆ ಕಾಲೇಜು ಅವತ್ತಿಗೇ ಮುಗಿಯಿತು. ಇದೆಲ್ಲ ಗೊತ್ತಿರುವುದು ಒಬ್ಬನಿಗೇ... ಆಂಜಿಗೆ.

ಅವನು ಎದುರಾದರೆ ಅವಳು ದಾರಿ ಬದಲಿಸತೊಡಗಿದಳು. ಕಾರಣ ಕೇಳಿದ. ಕ್ಲಾಸಿದೆ ಅಂತ ಹೊರಟುಬಿಟ್ಟಳು. ಇಷ್ಟು ಹತ್ತಿರವಾದವನು ಹೀಗೆ ಮಾಡಬಹುದಾ ಅಂತ ಆ ಸಾಲುಗಳನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

ಒಂದು ಮಧ್ಯಾಹ್ನ ತಡೆಯಲಾಗದೆ ಅವನನ್ನು ಕೆಫೆಗೇ ಕರೆತಂದು ಆ ಸಾಲುಗಳನ್ನು ತೋರಿಸಿದಳು. "ಅಳಿಸು. ಇನ್ನು ನನ್ನ ತಂಟೆಗೆ ಬರಬೇಡ."

ಆಂಜಿಯ ಮುಖ ಬಿಳಿಚಿತು. "ನಾನಲ್ಲ ಹರಿಪ್ರಿಯಾ."

ಅವಳು ನಂಬದೆ ಪುಟವನ್ನು ಮತ್ತೆ ತೆರೆದಳು. ಹೊಸ ಸಾಲು ಬಂದಿತ್ತು.

"ಆಂಜಿ ಜೊತೆ ಜಗಳಾನಾ? ಅಳಬೇಡ."

ಇಬ್ಬರೂ ನಿಧಾನವಾಗಿ ತಿರುಗಿದರು. ಕೌಂಟರಿನಲ್ಲಿ ಮಾಲೀಕ ಅಶ್ವತ್ಥಪ್ಪ ಅವಳನ್ನೇ ನೋಡುತ್ತಿದ್ದ. ಮೊದಲ ದಿನವೇ ಅವಳ ಹೆಸರು, ವಿಳಾಸ, ಮನೆಯ ಫೋನ್ ನಂಬರ್ ಬರೆಸಿಕೊಂಡವನು.

ಹರಿಪ್ರಿಯಾ ಎದ್ದು ಹೋಗಿ ಅವನ ಮಾನಿಟರನ್ನು ಎಲ್ಲರ ಕಡೆ ತಿರುಗಿಸಿದಳು. ಅವಳು ಕೂತಿದ್ದ ಕಂಪ್ಯೂಟರಿನ ಪರದೆ ಅಲ್ಲಿ ಹಾಗೇ ಕಾಣುತ್ತಿತ್ತು. ಪಕ್ಕದಲ್ಲೇ 'ನೆರಳಿ'ನ ಪುಟ.

ಕೂತಿದ್ದವರೆಲ್ಲ ಒಬ್ಬೊಬ್ಬರೇ ಎದ್ದು ನಿಂತರು. ಅಶ್ವತ್ಥಪ್ಪ ಮಾತ್ರ ನಕ್ಕ. "ನಿಮ್ಮಪ್ಪನ ನಂಬರ್ ನನ್ನ ಹತ್ರ ಇದೆ ಕಣಮ್ಮ."

ಹೊರಗೆ ಬಂದಾಗ ಅವಳ ಕಣ್ಣು ತುಂಬಿತ್ತು. ನಿನ್ನನ್ನು ಅನುಮಾನಿಸಿದೆನಲ್ಲಾ ಅಂದಳು.

"ನೀನು ಮಾತು ಬಿಟ್ಟಿದ್ದೇ ನನಗೆ ಜಾಸ್ತಿ ನೋವು," ಅಂದ ಆಂಜಿ. ಸ್ವಲ್ಪ ತಡೆದು, "ನೀನಂದ್ರೆ ಇಷ್ಟ ಕಣೇ..."

ಅವಳು ಅವನ ಕೈ ಹಿಡಿದಳು. ಅಶ್ವತ್ಥಪ್ಪ ಫೋನ್ ಮಾಡುವ ಮುಂಚೆ ಅಪ್ಪನಿಗೆ ತಾನೇ ಎಲ್ಲ ಹೇಳಬೇಕು ಅಂತ ನಿರ್ಧರಿಸಿ ಮುಳಬಾಗಿಲು ಬಸ್ ಹತ್ತಿದಳು.

"ನಾನೂ ಬರ್ಲಾ?" ಕೆಳಗಿನಿಂದ ಕೇಳಿದ.

"ಅಪ್ಪ ಕೂಗಾಡ್ತಾರೆ."

"ಕೂಗಾಡ್ಲಿ."

ಹರಿಪ್ರಿಯಾ ಕಿಟಕಿ ಕಡೆ ಸರಿದು ಜಾಗ ಬಿಟ್ಟಳು.

"ಹತ್ತು ಮತ್ತೆ... ಬಸ್ ಹೊರಡುತ್ತೆ."