ಒಂದು ಪೆಂಡಿ ಎಂದರೆ

"ಜಾರಾಕತ್ತೈತಿ! ಬಿಡು ಪೀರಬಿ, ಕೈ ಬಿಡು!"

ಗುಂಡವ್ವ ಕೂಗುವಷ್ಟರಲ್ಲಿ ಹಗ್ಗ ಸಡಿಲಿತು. ಪೆಂಡಿಯ ನಡುವಿನ ಬಿದಿರಿನ ಗಳವೊಂದು ಸರ್ರನೆ ಹಿಂದಕ್ಕೆ ಜಾರಿ, ಹಿಂದಿನ ತುದಿ ಹೊತ್ತಿದ್ದ ಪೀರಬಿಯ ಕೊರಳ ಪಕ್ಕಕ್ಕೆ ಬಡಿಯಿತು. ಉಳಿದ ಗಳಗಳು ದಡದಡ ಹಳ್ಳದ ನೀರಿಗೆ ಬಿದ್ದವು.

ಶಾಲೆಯಿಂದ ಬರುತ್ತಿದ್ದ ಸಾಬೀರಾ ಪಾಟಿಚೀಲವನ್ನು ದಂಡೆಯ ಮೇಲೆ ಒಗೆದು ನೀರಿಗೆ ಇಳಿದಳು.

"ಅವ್ವಾ, ಎಲ್ಲಿ ಬಡೀತು? ತೋರಸು."

"ಏನೂ ಆಗಿಲ್ಲ. ಮೊದ್ಲ ಗಳ ಹಿಡಿ, ತೇಲಿ ಹೊಂಟಾವು."

ಅವ್ವನ ಕೊರಳ ಮೇಲೆ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ಅದರ ಕೆಳಗೆ ಹೋದ ವಾರದ ಗಾಯದ ಕಪ್ಪು ಕಲೆ ಇನ್ನೂ ಮಾಸಿರಲಿಲ್ಲ.

ತಾಂಬಾ ಊರಿನ ಹಳ್ಳದ ಆಚೆ ಸರಕಾರದ ಕಾಳಿನ ಗೋದಾಮು ಏಳುತ್ತಿತ್ತು. ಗೌಂಡಿಗಳು ನಿಂತು ಗೋಡೆ ಕಟ್ಟಲು ಬಿದಿರಿನ ಅಟ್ಟ ಬೇಕು. ಗಳ ತಂದ ಲಾರಿ ಹಳ್ಳದ ಕರಿ ರಾಡಿಗೆ ಹೆದರಿ, ಎಲ್ಲವನ್ನೂ ಈಚೆ ದಂಡೆಯಲ್ಲೇ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಮುಂದೆ ಅವು ಹೆಂಗಸರ ಹೆಗಲ ಮೇಲೆ ಹೋಗಬೇಕು.

ಐದು ಗಳ ಸೇರಿದರೆ ಒಂದು ಪೆಂಡಿ. ಹೊತ್ತು ಮುಳುಗುವುದರೊಳಗೆ ಇಬ್ಬರು ಹೆಂಗಸರು ಇಪ್ಪತ್ತು ಪೆಂಡಿ ದಾಟಿಸಬೇಕು. ಇದು ಕೂಲಿಯಾಳುಗಳ ಮುಕಾದಮ ಧೂಳಪ್ಪನ ಕಟ್ಟಳೆ. ಪೆಂಡಿಗೆ ಐದೇ ಗಳ ಎಂದು ಯಾರೂ ಗೊತ್ತುಮಾಡಿರಲಿಲ್ಲ. ಹಗ್ಗದಲ್ಲಿ ಅದಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ, ಅಷ್ಟೆ.

"ಬಿದ್ದ ಪೆಂಡಿ ಎಣಕಿಗಿಲ್ಲ!" ಎಂದು ಧೂಳಪ್ಪ ಜಾಲಿಯ ನೆರಳಿನಿಂದಲೇ ಕೂಗಿದ. ನೆರಳಿನಲ್ಲಿ ಕುಳಿತವನಿಗೆ ಹೆಗಲಿನ ನೋವು ಎಲ್ಲಿ ಕಾಣಬೇಕು!

ಮರುದಿನ ಐದನೆಯ ಇಯತ್ತೆಯ ಕೋಣೆಯಲ್ಲಿ ಸಾಬೀರಾಳ ಕಣ್ಣು ಕರಿಹಲಗೆಯ ಮೇಲೆ ಇರಲಿಲ್ಲ. ಯಾಕೂಬಸಾಬ ಮಾಸ್ತರರ ಮೇಜಿನ ಮೇಲೆ ಪರೀಕ್ಷೆಯ ಕಾಗದಗಳನ್ನು ಒಂದು ಕಬ್ಬಿಣದ ಕ್ಲಿಪ್ ಕಚ್ಚಿ ಹಿಡಿದಿತ್ತು. ಕಿಟಕಿಯಿಂದ ಗಾಳಿ ಬೀಸಿತು, ಕಾಗದಗಳು ಪಟಪಟ ಬಡಿದುಕೊಂಡವು. ಒಂದೂ ಜಾರಲಿಲ್ಲ.

ಶಾಲೆ ಬಿಟ್ಟ ಕೂಡಲೆ ಅವಳು ಕಂಬಾರ ಧರೆಪ್ಪನ ಕುಲುಮೆಗೆ ಓಡಿದಳು. ಧರೆಪ್ಪ ಕೆಂಪಗೆ ಕಾದ ನೇಗಿಲ ಕುಡವನ್ನು ಇಕ್ಕಳದಲ್ಲಿ ಹಿಡಿದು ಬಡಿಯುತ್ತಿದ್ದ.

"ಕಾಕಾ, ನಿನ್ನ ಇಕ್ಕಳಕ್ಕ ಮಾಸ್ತರ ಕ್ಲಿಪ್ಪಿನ ಬಾಯಿ ಹಚ್ಚಬೇಕು."

"ಏನಂದಿ? ಮಾಸ್ತರ ಬಾಯಿ ಹಚ್ಚಬೇಕಾ?" ಎಂದು ಧರೆಪ್ಪ ನಕ್ಕ. "ಹಂಗಾದ್ರ ನನ್ನ ಇಕ್ಕಳ ದಿನಾ ಬೈಯೂದು ಕಲೀತದ."

ಸಾಬೀರಾ ನಗಲಿಲ್ಲ. ನೆಲದ ಬೂದಿಯಲ್ಲಿ ಬೆರಳಿನಿಂದ ಬರೆದು ತೋರಿಸಿದಳು. ಎರಡು ಬಾಗಿದ ಪಟ್ಟಿ. ನಡುವೆ ಒಂದು ಮೊಳೆ. ಮೇಲೆ ಎರಡು ಹಿಡಿಕೆ, ಎರಡನ್ನೂ ಸೇರಿಸುವ ಹಗ್ಗದ ಕುಣಿಕೆ. ಕುಣಿಕೆಯನ್ನು ಹೆಗಲಿಗೆ ಹಾಕಿ ಎತ್ತಿದರೆ ಹಿಡಿಕೆಗಳು ಕೂಡಬೇಕು, ಕೆಳಗೆ ಬಾಯಿ ಬಿಗಿಯಬೇಕು. ಮುಂದೊಂದು, ಹಿಂದೊಂದು.

ಧರೆಪ್ಪನ ನಗು ನಿಂತಿತು. ಮುರುಕು ಬಕೀಟಿನ ಪಟ್ಟಿಗಳನ್ನು ಹುಡುಕಿ ತೆಗೆದ.

ಮೊದಲ ಸಲ ಕ್ಲಿಪ್ ಸೋತಿತು. ಬಿದಿರು ನುಣುಪು, ಕಬ್ಬಿಣವೂ ನುಣುಪು. ಎತ್ತಿದ ಕೂಡಲೆ ನಡುವಿನ ಗಳ ಹೊರಗೆ ಇಣುಕಿತು. ಸಾಬೀರಾ ಮನೆಗೆ ಹೋಗಿ, ಅಪ್ಪ ಸೊಲ್ಲಾಪುರದ ಗಿರಣಿಗೆ ಹೋಗುವಾಗ ಬಿಟ್ಟುಹೋದ ಟಾಯರ್ ಚಪ್ಪಲಿಯನ್ನು ತಂದಳು. ಧರೆಪ್ಪ ಅದನ್ನು ಕೊಯ್ದು ಕ್ಲಿಪ್ಪಿನ ಬಾಯಿಯ ಒಳಗೆ ಬಡಿದ. ಆಮೇಲೆ ಒಂದು ಗಳವೂ ಅಲುಗಲಿಲ್ಲ.

ರವಿವಾರ ಪೀರಬಿ ಮತ್ತು ಗುಂಡವ್ವ ಹೊಸ ಕ್ಲಿಪ್ ಹಾಕಿ ಹಳ್ಳ ದಾಟಿದರು. ಪೆಂಡಿ ಅವರ ಸೊಂಟದ ಮಟ್ಟದಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು.

"ಎಲಾ ಇದರ! ನಮ್ಮತ್ತಿ ಅಡಗಿಮನಿ ಕೀಲಿ ಹಿಡದಂಗ ಹಿಡದೈತಲ್ಲ!" ಎಂದು ಗುಂಡವ್ವ ಕೂಗಿದಳು. ಹೆಂಗಸರೆಲ್ಲ ನಕ್ಕರು. ಪೀರಬಿಯೂ ನಕ್ಕಳು. ಅವ್ವ ಹಲ್ಲು ಕಾಣುವಂತೆ ನಕ್ಕಿದ್ದನ್ನು ಸಾಬೀರಾ ಬಹಳ ದಿನಗಳ ಮೇಲೆ ನೋಡಿದಳು.

ನಗು ಕೇಳಿ ಧೂಳಪ್ಪ ನೆರಳು ಬಿಟ್ಟು ಎದ್ದು ಬಂದ.

"ಯಾರು ಮಾಡಿದ್ದು ಇದನ್ನ?"

"ನಾನ್ರಿ!" ಸಾಬೀರಾ ಮುಂದೆ ಬಂದಳು. "ಭಾರ ಹೆಚ್ಚಾದಂಗ ಇನ್ನಾ ಬಿಗಿ ಹಿಡಿತೈತ್ರಿ. ಹತ್ತು ಗಳ ಹಾಕಿದ್ರೂ ಬಿಡೂದಿಲ್ರಿ."

ಪೀರಬಿ ಮಗಳ ಕಡೆ ಥಟ್ಟನೆ ನೋಡಿದಳು. ಆದರೆ ಮಾತು ಬಾಯಿ ದಾಟಿ ಹೋಗಿತ್ತು.

"ಹತ್ತು ಹಿಡಿತೈತಿ?"

"ಹೌದ್ರಿ."

"ಶ್ಯಾಣ್ಯಾಕಿ ಅದಿ!" ಎಂದ ಧೂಳಪ್ಪ. ರಾಶಿಯಿಂದ ಐದು ಗಳ ಎಳೆಸಿ, ಮುಂದಿನ ಪೆಂಡಿಗೆ ಸೇರಿಸಿದ. "ಇವತ್ತಿಂದ ಹಿಂಗ. ಎತ್ರಿ."

ಇಬ್ಬರೂ ಎತ್ತಿದರು. ಕುಣಿಕೆಯ ಹಗ್ಗ ಹೆಗಲಿನಲ್ಲಿ ಇಳಿಯಿತು. ಕ್ಲಿಪ್ ಬಿಡಲಿಲ್ಲ. ಅದು ಸಾಬೀರಾ ಹೇಳಿದಂತೆಯೇ ಇನ್ನೂ ಬಿಗಿಯಾಗಿ ಕಚ್ಚಿಕೊಂಡಿತು.

ಸಾಬೀರಾ ಧೂಳಪ್ಪನ ಹಿಂದೆ ಓಡಿದಳು.

"ಮುಕಾದಮರ, ಹತ್ತು ಗಳ ಅಂದ್ರ ಎರಡು ಪೆಂಡಿ ಆತಲ್ರಿ? ಹಂಗಿದ್ರ ಹತ್ತು ಸಲ ದಾಟಿದ್ರ ಸಾಕಲ್ರಿ?"

"ಯಾರು ಹೇಳಿದ್ರು ನಿನಗ? ಒಮ್ಮೆ ಕಟ್ಟಿ ಒಮ್ಮೆ ಎತ್ತಿದ್ದು ಒಂದು ಪೆಂಡಿ. ಕಟ್ಟಿಲ್ಲೇನು? ಎತ್ತಿಲ್ಲೇನು? ಲೆಕ್ಕ ನಿನಗ ಮಾಸ್ತರ ಕಲಸ್ತಾರ. ಪೆಂಡಿ ಎಷ್ಟಂತ ನಾ ಕಲಸ್ತೇನಿ."

ಆ ವಾರ ಮುಗಿಯುವ ಮೊದಲೇ ಧೂಳಪ್ಪ ಎಲ್ಲ ಜೋಡಿಗಳಿಗೂ ಕ್ಲಿಪ್ ಮಾಡಿಸಿದ. ಸಾಬೀರಾ ಕುಲುಮೆಗೆ ಹೋಗಿ, "ಮಾಡಬ್ಯಾಡ ಕಾಕಾ" ಎಂದು ಅತ್ತಳು. ಧರೆಪ್ಪ ಸುತ್ತಿಗೆ ಇಳಿಸಿದ.

"ನಾ ಒಲ್ಲೆ ಅಂದ್ರ ಇಂಡಿ ಪ್ಯಾಟ್ಯಾಗ ಮಾಡಸ್ತಾನವ್ವಾ. ಒಂದು ಮಾದರಿ ಅವನ ಕೈಗಿ ಹೋಗೇತಿ."

ಹಳ್ಳದ ದಾರಿಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. "ನಿಮ್ಮ ಹುಡುಗಿ ಶ್ಯಾಣ್ಯಾತನ ನಮ್ಮ ಹೆಗಲಿಗಿ ಹತ್ತಿತು ನೋಡು" ಎಂದು ಹೊನ್ನವ್ವ ಎಂಬವಳು ಪೀರಬಿಗೆ ಕೇಳುವಂತೆ ಅಂದಳು. ಮನೆಯಲ್ಲಿ ಪೀರಬಿ ಮಗಳಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಸಾಬೀರಾಳಿಗೆ ಅನಿಸಿತು. ಅವ್ವ ರೊಟ್ಟಿ ಬಡಿಯಲು ಬಲಗೈ ಎತ್ತಲಾರದೆ ಎಡಗೈಯಿಂದ ಬಡಿಯುತ್ತಿದ್ದಳು.

ಶಾಲೆಯಲ್ಲಿ ಯಾಕೂಬಸಾಬ ಮಾಸ್ತರರು ಅವಳನ್ನು ಕರೆದರು. "ನಿನ್ನ ಕ್ಲಿಪ್ ನೋಡಿದೆ. ಬಾಳ ಛಲೋ ಐತಿ. ತಾಲೂಕಿನ ಪ್ರದರ್ಶನಕ್ಕ ಕಳಸೂಣು."

"ಸರ್, ಪೆಂಡಿ ಅಂದ್ರ ಎಷ್ಟು ಗಳ ಅಂತ ಎಲ್ಲಿ ಬರದಿರ್ತದ್ರಿ?"

ಮಾಸ್ತರರು ಅಂಕಗಣಿತದ ಪುಸ್ತಕ ತೆರೆದರು. ಸೇರು, ಮಣ, ಗಜ, ಹರದಾರಿ, ಎಲ್ಲದರ ಕೋಷ್ಟಕವೂ ಅದರಲ್ಲಿತ್ತು.

"ಇದ್ರಾಗ ಇಲ್ಲವ್ವಾ."

"ಹಂಗಾದ್ರ ಯಾರು ಹೇಳ್ತಾರ್ರಿ?"

ಮಾಸ್ತರರು ಇನ್ನೆರಡು ಪುಟ ತಿರುವಿದರು. "ಹೊರಸೋರು ಹೇಳ್ತಾರ" ಎಂದು ಪುಸ್ತಕ ಮುಚ್ಚಿದರು. ಪ್ರದರ್ಶನದ ಮಾತನ್ನು ಮತ್ತೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಸಾಬೀರಾ ಅವ್ವನ ಎರಡೂ ಕ್ಲಿಪ್‌ಗಳನ್ನು ಪಾಟಿಚೀಲದಲ್ಲಿ ಬಚ್ಚಿಟ್ಟು, ಹಳೆಯ ಹಗ್ಗವನ್ನು ಹಿಡಿದುಕೊಂಡು ಅವ್ವನ ಜೊತೆ ಹಳ್ಳಕ್ಕೆ ಹೋದಳು.

"ಮುಕಾದಮರ, ಕ್ಲಿಪ್ ಕೆಟ್ಟಾವ್ರಿ. ಇವತ್ತು ಹಗ್ಗ ಅಷ್ಟ ಐತ್ರಿ" ಎಂದಳು. ಹಗ್ಗ ಬಂದರೆ ಐದು ಗಳದ ಲೆಕ್ಕವೂ ತಾನೇ ಹಿಂದಿರುಗಿ ಬರುತ್ತದೆ ಎಂದು ಅವಳು ನಂಬಿದ್ದಳು.

ಧೂಳಪ್ಪ ತಲೆಯನ್ನೂ ಎತ್ತಲಿಲ್ಲ. "ಹಗ್ಗಲೆ ಕಟ್ರಿ. ಹತ್ತು ಕಟ್ರಿ."

"ಹಗ್ಗದಾಗ ಹತ್ತು ನಿಲ್ಲೂದಿಲ್ರಿ!"

"ಇಷ್ಟು ದಿನಾ ಹತ್ತು ಹೊತ್ತಾರಿಲ್ಲೋ? ಪೆಂಡಿ ಅಂದ್ರ ಈಗ ಹತ್ತು."

ಪೀರಬಿ ಮತ್ತು ಗುಂಡವ್ವ ಹತ್ತು ಗಳಗಳಿಗೆ ಹಗ್ಗ ಸುತ್ತಿ ಎತ್ತಿದರು. ನಾಲ್ಕು ಹೆಜ್ಜೆ ಇಡುವುದರೊಳಗೆ ಒಂದು ಗಳ ಜಾರಿತು. ಪೀರಬಿ ಕೊರಳನ್ನು ಓರೆಮಾಡಿ ಹೇಗೋ ತಪ್ಪಿಸಿಕೊಂಡಳು. ಪೆಂಡಿಯನ್ನು ಕೆಳಗಿಟ್ಟು, ಮಗಳ ಕಡೆ ಕೈ ಚಾಚಿದಳು.

"ಕ್ಲಿಪ್ ತಾ, ಸಾಬೀರಾ."

"ಬ್ಯಾಡವ್ವಾ."

"ಚೀಲದಾಗ ಅದಾವ, ನನಗ ಗೊತ್ತೈತಿ. ತಾ ಕೂಸ. ಹತ್ತು ಹೊರೂದು ಹೊರೂದ. ಕೊರಳಾದ್ರೂ ಉಳೀಲಿ."

ಸಾಬೀರಾ ಕ್ಲಿಪ್‌ಗಳನ್ನು ತೆಗೆದಳು. ತಾನೇ ಬಗ್ಗಿ ಮುಂದೊಂದು, ಹಿಂದೊಂದು ಹಾಕಿದಳು. ಯಾವಾಗಲೂ ಕ್ಲಿಪ್ಪಿನ ಬಾಯಿ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದವಳು, ಇಂದು ತಲೆ ಎತ್ತಿ ಜಾಲಿಯ ನೆರಳಿನ ಕಡೆ ನೋಡಿದಳು.

"ಏನು ನೋಡ್ತಿ? ಸಾಲಿಗಿ ಹೋಗು" ಎಂದ ಧೂಳಪ್ಪ.

ಅವಳು ಕಣ್ಣು ಕೀಳಲಿಲ್ಲ.

ಪೀರಬಿ ಮತ್ತು ಗುಂಡವ್ವ ಮೊಣಕಾಲಮಟ್ಟದ ನೀರು ದಾಟಿ, ಆಚೆ ದಂಡೆ ಹತ್ತಿ, ಪೆಂಡಿಯನ್ನು ಇಳಿಸಿದರು.

"ಒಂದು" ಎಂದು ಧೂಳಪ್ಪ ಬೆರಳು ಮಡಚಿದ.

"ಎರಡು" ಎಂದಳು ಸಾಬೀರಾ, ತನಗಷ್ಟೇ ಕೇಳುವಂತೆ.