ನಿಪ್ಪಾಣಿಯ ತೋರಾ ಸುರುಳಿ

ಕಪಾಟು ಖಾಲಿಯಿತ್ತು.

ರಹಮೀಮ ಸದಲಗೇಕರ ಎರಡೂ ಬಾಗಿಲು ತೆರೆದು ಹಾಗೇ ನಿಂತುಬಿಟ್ಟರು. ಎಪ್ಪತ್ತೆಂಟರ ಪ್ರಾಯ. ಈ ವರ್ಷ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ ಇಸ್ರೇಲಿನಿಂದ ನಿಪ್ಪಾಣಿಗೆ ಬಂದಿದ್ದರು. ಬಂದದ್ದು ಈ ಕಪಾಟಿನೊಳಗಿನ ಒಂದೇ ವಸ್ತುವಿಗಾಗಿ. ಅವರ ಅಜ್ಜ ಚಕ್ಕಡಿಯಲ್ಲಿ ತಂದಿಟ್ಟ ತೋರಾ, ಅಂದರೆ ಚರ್ಮದ ಮೇಲೆ ಕೈಯಿಂದ ಬರೆದ ಯಹೂದಿಗಳ ಧರ್ಮಗ್ರಂಥದ ಸುರುಳಿ.

ಅಂದು ಬುಧವಾರ. ಭಾನುವಾರ ಸಿಮ್ಹಾ ತೋರಾ ಹಬ್ಬ. ಹಬ್ಬದ ದಿನ ಸುರುಳಿಯನ್ನು ಎದೆಗವಚಿಕೊಂಡು ಕುಣಿಯಬೇಕು. ಹತ್ತು ಗಂಡಸರು ಕೂಡದೆ ಅದನ್ನು ಓದುವಂತಿಲ್ಲ. ಒಂಬತ್ತು ಜನ ಮುಂಬೈ, ಪುಣೆಗಳಿಂದ ಹೊರಡುವವರಿದ್ದರು. ಹತ್ತನೆಯವರು ರಹಮೀಮ. ಸಾಯುವ ಮೊದಲು ಒಮ್ಮೆ ಅದನ್ನು ಎತ್ತಿಕೊಳ್ಳಬೇಕು, ಅಷ್ಟೇ ಅವರ ಆಸೆ.

"ಫಕ್ರು," ಎಂದರು ರಹಮೀಮ, "ತೋರಾ ಎಲ್ಲಿ?"

ಫಕ್ರುದ್ದೀನ ಈ ಸಿನಗಾಗಿನ ಕಾವಲುಗಾರ. ನಲವತ್ತು ವರ್ಷ ಈ ಪ್ರಾರ್ಥನಾಲಯದ ಕಸ ಗುಡಿಸಿ, ದೀಪಕ್ಕೆ ಎಣ್ಣೆ ಹಾಕಿದ ಮನುಷ್ಯ. ಗೋಡೆ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟ.

ಬ್ರಾಹ್ಮಿ ಬಾಗಿಲಲ್ಲಿದ್ದಳು. ಚಿಕ್ಕೋಡಿಯ ಜೈನ ಮನೆತನದವಳು. ಹಳೇ ಕಟ್ಟಡ ಅಳೆದು ನಕ್ಷೆ ಬರೆಯುವುದು ಅವಳ ಕೆಲಸ, ಸಿನಗಾಗ್ ನೋಡುವುದು ಅವಳ ಹುಚ್ಚು. ಕೊಚ್ಚಿಯ ನೀಲಿ ಪಿಂಗಾಣಿ ಬಿಲ್ಲೆ, ಪುಣೆಯ ಕೆಂಪು ಇಟ್ಟಂಗಿ, ಮುಂಬೈಯ ಗಾಜಿನ ದೀಪ, ಎಲ್ಲ ಕಂಡು ಬಂದವಳಿಗೆ ಮನೆಯಂಗಳದಲ್ಲೇ ಒಂದು ಸಿಕ್ಕಿತ್ತು. ಹಂಚಿನ ಮಾಡು, ಸಾಗವಾನಿಯ ಕಂಬ, ಹೆಂಗಸರಿಗೊಂದು ಅಟ್ಟ. ಆಗಸ್ಟಿನಲ್ಲಿ ಅದನ್ನು ಅಳೆದು ರಹಮೀಮರಿಗೆ ಚಿತ್ರ ಕಳಿಸಿದವಳು ಅವಳೇ. ಆ ಚಿತ್ರ ನೋಡಿಯೇ ಮುದುಕ ಹೊರಟು ಬಂದಿದ್ದು.

* * *

ಎಎಸ್‌ಐ ಭೀಮಗೊಂಡ ಬಂದ. ಬಂದವನೇ ಮೂಸಿ ನೋಡಿದ. ಅವನ ಪೊಲೀಸುಗಿರಿ ಮೂಗಿನಿಂದಲೇ ಶುರುವಾಗುತ್ತಿತ್ತು.

ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಫಕ್ರುದ್ದೀನನ ಹತ್ತಿರ ಮಾತ್ರ. ಆದರೆ ಅವನ ಮೇಲೆ ಸಂಶಯ ಬೇಡವೆಂದು ರಹಮೀಮ ಖಡಾಖಂಡಿತವಾಗಿ ಹೇಳಿದರು. ಭೀಮಗೊಂಡನಿಗೆ ಇನ್ನೊಬ್ಬ ಬೇಕಾದ. ಸಿಕ್ಕಿಯೂಬಿಟ್ಟ.

ರೂಪೇಶ. ಹಳೇ ಬಾಗಿಲು, ಗಡಿಯಾರ ಕೊಂಡು ಕೊಲ್ಲಾಪುರದ ಕಡೆ ಮಾರುವವನು. ಸಿನಗಾಗಿಗೆ ಮೂರು ಸಲ ಬಂದಿದ್ದ. ಅವನ ಫೋನಿನಲ್ಲಿ ಸುರುಳಿಯ ಫೋಟೋ ಇತ್ತು. ಹೋದ ವಾರ ಅವನ ಟೆಂಪೋ ಇದೇ ಓಣಿಯಲ್ಲಿ ನಿಂತಿತ್ತು. ಭೀಮಗೊಂಡ ಅವನನ್ನು ಸ್ಟೇಷನ್ನಿನಲ್ಲಿ ಕೂರಿಸಿದ.

ಫೋಟೋ ತೆಗೆದದ್ದು ಹೌದು, ಸುರುಳಿ ಕೇಳಿದ್ದೂ ಹೌದು, ಆದರೆ ಟೆಂಪೋ ತಂದದ್ದು ಪಕ್ಕದ ಮನೆಯ ಬಾಗಿಲು ಒಯ್ಯಲು ಎಂದು ರೂಪೇಶ ಅಂಗಲಾಚಿದ. ಪಕ್ಕದ ಮನೆಯವರೂ ಹೌದೆಂದರು. ಭೀಮಗೊಂಡ ಬಿಡಲಿಲ್ಲ.

"ಸುರುಳಿಗೆ ಹಾಕೂ ಬೆಳ್ಳಿ ಗೆಜ್ಜಿ ಕಪಾಟದ ಮ್ಯಾಲಿನ ಖಾನೇದಾಗ ಹಂಗ ಅದಾವು," ಎಂದಳು ಬ್ರಾಹ್ಮಿ. "ಚಂದಂಗ ಅರಿವ್ಯಾಗ ಕಟ್ಟಿಟ್ಟಾರ. ರೂಪೇಶ ಆಗಿದ್ರ ಮೊದಲ ಅವನ್ನ ಎತ್ತತಿದ್ದ."

"ಮರತಿರಬೇಕ್ರಿ," ಎಂದ ಭೀಮಗೊಂಡ.

* * *

ಗುರುವಾರ ಮಧ್ಯಾಹ್ನ ಬ್ರಾಹ್ಮಿ ಒಬ್ಬಳೇ ಕಪಾಟಿನ ಮುಂದೆ ಕುಳಿತಳು. ತೊಡೆಯ ಮೇಲೆ ಆಗಸ್ಟಿನ ನಕ್ಷೆ.

ತಳದ ಹಲಗೆಗಳನ್ನು ಎಣಿಸಿದಳು. ಏಳು. ನಕ್ಷೆಯಲ್ಲೂ ಏಳು. ಆದರೆ ಎಡಗಡೆಯ ಕೊನೆಯದು ಹೊಸದು. ಬಣ್ಣ ಬಳಿದು ಹಳೆಯದಕ್ಕೆ ಹೊಂದಿಸಿದ್ದರು. ಮೊಳೆ ಇನ್ನೂ ಹೊಳೆಯುತ್ತಿತ್ತು. ಕಳ್ಳ ಹಲಗೆ ಬದಲಿಸುವುದಿಲ್ಲ.

ಹಳೇ ಹಲಗೆಗೆ ಏನಾಗಿತ್ತು? ಉತ್ತರ ಅವಳ ಕೈಯಲ್ಲೇ ಇತ್ತು. ನಕ್ಷೆಯ ಎಡ ಮೂಲೆಯಲ್ಲಿ ಸಣ್ಣದೊಂದು ಗೋಲ. ಪಕ್ಕದಲ್ಲಿ ಅವಳದೇ ಅಕ್ಷರ: ತೂತು, ಮೂರು ಇಂಚು. ನೀಟಾಗಿ ಬರೆದು, ಹಾಳೆ ಸುತ್ತಿಕೊಂಡು ಮನೆಗೆ ಹೋಗಿದ್ದಳು. ಅದು ಇಲಿಯ ತೂತು ಎಂದು ಆಗ ಹೊಳೆದಿರಲಿಲ್ಲ. ಹೊಳೆಯುವಷ್ಟು ಹೊತ್ತು ಅವಳು ಅದನ್ನು ನೋಡಿಯೂ ಇರಲಿಲ್ಲ.

ಸಂಜೆ ರಹಮೀಮರನ್ನು ಕೇಳಿದಳು. ತೋರಾಕ್ಕೆ ಇಲಿ ಬಿದ್ದರೆ ಏನು ಮಾಡುತ್ತೀರಿ? ಕೆಟ್ಟ ಭಾಗ ಕತ್ತರಿಸಿ, ಹೊಸ ಚರ್ಮದ ಮೇಲೆ ಬರೆಸಿ ಹೊಲಿಸುತ್ತೇವೆ ಎಂದರು ಅವರು. ಅದಕ್ಕೆಂದೇ ಲಿಪಿಕಾರರು ಇದ್ದಾರೆ. ಏನು ಮಾಡಿದರೂ ಉಳಿಯದಿದ್ದರೆ ಮಡಕೆಯಲ್ಲಿಟ್ಟು ಸ್ಮಶಾನದಲ್ಲಿ ಹೂಳುತ್ತೇವೆ, ಮನುಷ್ಯರನ್ನು ಹೂಳಿದಂತೆಯೇ. ತಾನು ಹುಡುಗನಿದ್ದಾಗ ಇಲ್ಲಿಯೇ ಒಂದನ್ನು ಹೂಳಿದ್ದರು. ಗುಂಡಿ ತೋಡಿದವನು ಫಕ್ರುದ್ದೀನನ ಅಪ್ಪ.

ಬ್ರಾಹ್ಮಿ ಆ ಸ್ಮಶಾನ ಎಲ್ಲಿದೆ ಎಂದಷ್ಟೇ ಕೇಳಿಕೊಂಡಳು.

* * *

ಶುಕ್ರವಾರ ಮುಂಜಾನೆ ಎಲ್ಲರನ್ನೂ ಸದಲಗಾ ರಸ್ತೆಯ ಯಹೂದಿ ಸ್ಮಶಾನಕ್ಕೆ ಕರೆಸಿದಳು. ಕಬ್ಬಿನ ಗದ್ದೆಯ ಪಕ್ಕ ಕುಸಿದ ಗೋಡೆ, ಒಳಗೆ ಹದಿನಾಲ್ಕು ಗೋರಿ. ಮೂಲೆಯಲ್ಲಿ ಒಂದು ಮೊಳ ಅಗಲ, ಎರಡು ಮೊಳ ಉದ್ದದ ಮಣ್ಣಿನ ಗುಡ್ಡೆ. ಮೇಲೆ ಎಳೆ ಹುಲ್ಲು ಹುಟ್ಟಿತ್ತು.

"ಇದರಾಗ ಐತೇನ್ರಿ?" ಭೀಮಗೊಂಡ ಕೇಳಿದ. "ರೂಪೇಶ ಹೂಳ್ಯಾನ?"

ಅಲ್ಲ ಎಂದಳು ಬ್ರಾಹ್ಮಿ. ಒಂದೊಂದಾಗಿ ಹೇಳಿದಳು. ಬೀಗ ಒಡೆದಿಲ್ಲ, ಕೀಲಿ ಇದ್ದವರು ತೆಗೆದಿದ್ದಾರೆ. ಬೆಳ್ಳಿ ಬಿಟ್ಟಿದ್ದಾರೆ, ಅಂದರೆ ಆಸೆಗೆ ತೆಗೆದದ್ದಲ್ಲ. ಹಲಗೆ ಬದಲಿಸಿದ್ದಾರೆ, ಅಂದರೆ ಇಲಿ ಕಡಿದದ್ದು ಅವರಿಗೆ ಗೊತ್ತು. ಕೆಟ್ಟ ಸುರುಳಿಯನ್ನು ಇಲ್ಲಿ ಹೂಳುತ್ತಾರೆಂಬುದೂ ಗೊತ್ತು.

"ಮತ್ತ ಇದನ್ನ ನೋಡ್ರಿ. ಹದಿನಾಲ್ಕು ಗೋರಿನೂ ಪೂರ್ವ ಪಶ್ಚಿಮ ಅದಾವು. ಇದೊಂದ ಉತ್ತರ ದಕ್ಷಿಣ ಐತಿ. ನಕ್ಷೆ ತಗಿಯೂಮುಂದ ನಾ ಮೊದಲ ನೋಡೂದು ದಿಕ್ಕ. ಉತ್ತರಕ್ಕ ತಲಿ ಮಾಡಿ ಹೂಳೂದು ಮುಸಲ್ಮಾನರು."

ಯಾರೂ ಫಕ್ರುದ್ದೀನನ ಕಡೆ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಅವನ ಗಡ್ಡ ಆಗಲೇ ತೊಯ್ದಿತ್ತು.

"ನಾನ ರೀ," ಎಂದ. "ನಾಕ ವಾರ ಆತು. ದೀಪಕ್ಕ ಎಣ್ಣಿ ಹಾಕಾಕ ಹೋದೆ, ಕಪಾಟದಾಗ ಸಪ್ಪಳ ಬಂತು. ತಗದ ನೋಡಿದ್ರ ಇಲಿ ಅದರ ಮ್ಯಾಲ ಕುಂತಿತ್ರಿ. ನಮ್ಮಪ್ಪ ಸಾಯೂಮುಂದ ನನ್ನ ಕೈಯಾಗ ಒಪ್ಪಿಸಿ ಹೋಗಿದ್ದ. ರಹಮೀಮ ಭಾಯಿಗೆ ಯಾವ ಮಾರಿಯಿಂದ ಹೇಳಲಿ? ಕುರಾನಿನ ಹಾಳಿ ಹರದ್ರ ನಾವೂ ಮಣ್ಣ ಕೊಡತೀವಿ. ಇದಕ್ಕೂ ಕೊಟ್ಟೆ."

"ರೂಪೇಶನ್ನ ಎಳಕೊಂಡ ಹೋದಾಗ ಯಾಕ ಸುಮ್ಮನಿದ್ದಿ?" ಎಂದ ಭೀಮಗೊಂಡ.

"ಅಂಜಿದೆ ಸಾಹೇಬ್ರ. ಎರಡ ದಿನಾ ತುತ್ತ ಇಳಿದಿಲ್ಲ."

ಭೀಮಗೊಂಡ ಫೋನ್ ತೆಗೆದು, ರೂಪೇಶನಿಗೆ ಚಹಾ ಕುಡಿಸಿ ಕಳಿಸುವಂತೆ ಸ್ಟೇಷನ್ನಿಗೆ ಹೇಳಿದ. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಈ ಸಲ ಏನನ್ನೂ ಮೂಸಲಿಲ್ಲ.

* * *

ಮಣ್ಣು ಸರಿಸಿದರು. ಬಿಳಿ ಬಟ್ಟೆ ಕಂಡಿತು, ಅತ್ತರಿನ ವಾಸನೆ ಬಂತು. ತನ್ನ ಹೆಣಕ್ಕೆ ಹೊದಿಸಲೆಂದು ಮಕ್ಕಾದಿಂದ ತರಿಸಿಟ್ಟಿದ್ದ ಕಫನು ಅದು ಎಂದ ಫಕ್ರುದ್ದೀನ. ದೂರ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ರಹಮೀಮ ಮಂಡಿಯೂರಿ ಬಿಚ್ಚಿದರು. ಬ್ರಾಹ್ಮಿ ಪಕ್ಕದಲ್ಲಿ ಬಟ್ಟೆ ಹಿಡಿದಳು. ಮೊದಲ ಕೆಲವು ಸುತ್ತಿನಲ್ಲಿ ಹಲ್ಲಿನ ಗುರುತು. ಒಳಗಿನ ಸುತ್ತುಗಳಲ್ಲಿ ಒಂದೂ ಇಲ್ಲ. ಅಲ್ಲಿ ಇದ್ದದ್ದು ನೀರು, ಬೂಜು, ಒಂದಕ್ಕೊಂದು ಅಂಟಿಕೊಂಡ ಚರ್ಮ, ಕರಗಿ ಹರಿದ ಮಸಿ. ಭಾದ್ರಪದದ ನಾಲ್ಕು ವಾರದ ಮಳೆ ಅದರ ಮೇಲೆ ಸುರಿದಿತ್ತು.

"ಭಾಯಿ," ಗೋಡೆಯ ಕಡೆಯಿಂದ ದನಿ ಬಂತು. "ನಾ ಮಣ್ಣಾಗ ಇಡೂಮುಂದ ಅದರಾಗ ಜೀವ ಇತ್ತೇನು?"

ರಹಮೀಮರ ಕೈ ನಿಂತಿತು.

"ಇಲ್ಲ ಫಕ್ರು. ಅದು ಮೊದಲ ಹೋಗಿತ್ತು. ನೀ ಮಾಡಿದ್ದು ಬರೋಬರ ಐತಿ."

ಫಕ್ರುದ್ದೀನ ಜೋರಾಗಿ ಅತ್ತುಬಿಟ್ಟ. ರಹಮೀಮ ಸುರುಳಿಯನ್ನು ಎತ್ತಿ ಎದೆಗವಚಿಕೊಂಡರು. ಹಬ್ಬಕ್ಕೆ ಇನ್ನೂ ಎರಡು ದಿನವಿತ್ತು, ಹತ್ತು ಜನ ಕೂಡಿರಲಿಲ್ಲ, ಅಂಗಿಗೆಲ್ಲ ಕೆಸರು ಬಳಿಯಿತು. ಒಂದಷ್ಟು ಹೊತ್ತು ಹಿಡಿದುಕೊಂಡು, ಅದೇ ಕಫನಿನಲ್ಲಿ ಸುತ್ತಿ, ಅದೇ ಗುಂಡಿಯಲ್ಲಿ, ಅದೇ ದಿಕ್ಕಿಗೆ ಮತ್ತೆ ಇಟ್ಟರು.

ಗೇಟಿನ ಬಳಿ ನಲ್ಲಿಯಿತ್ತು. ಸ್ಮಶಾನದಿಂದ ಹೊರಡುವಾಗ ಯಹೂದಿಗಳು ಕೈ ತೊಳೆಯಬೇಕು. ಬ್ರಾಹ್ಮಿ ಹಿಂದೆಯೇ ಹೋದಳು. ಫಕ್ರುದ್ದೀನ ಕೇಳಿಸಿಕೊಳ್ಳದಷ್ಟು ದೂರವಿದ್ದ.

"ಇಲಿ ಹನ್ನೊಂದ ಪುಟ ಅಷ್ಟ ತಿಂದಿತ್ತು ಬ್ರಾಹ್ಮಿ," ಎಂದರು ರಹಮೀಮ. "ಎರಡ ತಿಂಗಳದಾಗ ಬರದು ಹೊಲದ ಕೊಡತಿದ್ರು."

ಬ್ರಾಹ್ಮಿಗೆ ತಡೆಯಲಾಗಲಿಲ್ಲ. "ಆ ತೂತು ನಾ ನೋಡಿದ್ದೆ ಕಾಕಾ. ಇಲಿ ತಿನ್ನೂಕಿಂತ ಮೊದಲ. ಅಳತೀನೂ ಬರಕೊಂಡಿದ್ದೆ. ಯಾರಿಗೂ ಹೇಳಲಿಲ್ಲ."

ರಹಮೀಮ ಅವಳ ಕಡೆ ತಿರುಗಿದರು. ತಪ್ಪು ನಿನ್ನದಲ್ಲ ಎಂಬ ಮಾತಿಗೆ ಅವಳು ಕಾದಳು. ಇನ್ನೊಂದು ಸುಳ್ಳು ಹೇಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ನಲ್ಲಿ ತಿರುವಿ ಕೈ ತೊಳೆದುಕೊಂಡರು, ಫಕ್ರುದ್ದೀನನ ಹೆಗಲು ಹಿಡಿದು ರಸ್ತೆಯ ಕಡೆ ನಡೆದರು.