ಮೂರನೇ ಮಹಡಿಯ ಕಾಫಿ ಬಟ್ಟಲು

"ಬಟ್ಟಲು ಹೋಯ್ತು ಆಂಟಿ! ಕದ್ದುಬಿಟ್ಟಿದ್ದಾಳೆ!"

ವಿಜಯದಶಮಿಯ ಮರುದಿನ, ಬೆಳಿಗ್ಗೆ ಎಂಟು ಗಂಟೆ. ಮೂರನೇ ಮಹಡಿಯ ರವಿಕಿರಣ ನಮ್ಮ ಬಾಗಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ಎಸ್ಪ್ರೆಸೊ ಮಷೀನಿನ ಹಿಡಿಕೆ. ಅದರ ಉಕ್ಕಿನ ಬಳೆಯೊಳಗೆ ಕಾಫಿ ಪುಡಿ ತುಂಬುವ ಜರಡಿ ಬಟ್ಟಲು ಕೂತಿರಬೇಕು. ಈಗ ಅಲ್ಲಿ ಬರೀ ತೂತು.

"ಯಾರು ಕದ್ದರು?" ಎಂದಳು ಅಹಲ್ಯಾ.

"ಕೆಲಸದ ಸಾಬಮ್ಮ. ಇನ್ಯಾರು? ಇಟಲಿಯಿಂದ ತರಿಸಿದ್ದು ಆಂಟಿ ಅದು. ಗೇಟ್ ಆ್ಯಪ್‌ನಿಂದ ಅವಳ ಹೆಸರು ತೆಗೀರಿ, ಒಳಗೇ ಬಿಡಬಾರದು. ಈಗಲೇ."

ಅಹಲ್ಯಾ ನನ್ನ ಹೆಂಡತಿ. ಸಿಕಂದರಾಬಾದಿನ ಈ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ರೈಲ್ವೆಯಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕಚೇರಿಯಲ್ಲಿದ್ದಳು. ಕಳುವಾಯಿತು ಎಂದು ಅಳುತ್ತ ಬಂದವರಲ್ಲಿ ಅರ್ಧ ಜನರ ಸಾಮಾನು ಅವರ ಕಂಕುಳಲ್ಲೇ ಇರುತ್ತಿತ್ತು ಎನ್ನುತ್ತಾಳೆ. ನಾನು ಪದ್ಮನಾಭ. ಈ ಮನೆಯಲ್ಲಿ ನನ್ನ ಮಾತು ನಡೆಯುವುದು ಕಾಫಿಯ ವಿಷಯದಲ್ಲಿ ಮಾತ್ರ: ಹಿತ್ತಾಳೆ ಫಿಲ್ಟರು, ಅಪ್ಪನ ಕಾಲದ ಬೆಳ್ಳಿ ಲೋಟ, ಮುಗಿಯಿತು. ಸ್ಕೂಟರಿನಂತೆ ಗುರುಗುಟ್ಟುವ ಯಂತ್ರದ ಕಾಫಿ ನನಗೆ ಸೇರುವುದಿಲ್ಲ.

"ಹೆಸರು ತಗದ್ರ ಆಕಿ ನಾಲ್ಕೂ ಮನಿ ಹೋಗ್ತಾವಪಾ," ಎಂದಳು ಅಹಲ್ಯಾ. "ಆಕಿ ಗಂಡ ಹುಲಗೇಶನ ಕಾಲು ಮುರದು ಎರಡು ತಿಂಗಳಾತು. ಆಕಿ ದುಡದ್ರನ ಒಲಿ ಹತ್ತತೈತಿ. ಒಂದ್ ತಾಸು ತಡಿ, ಮದಲ ಬಂದು ನೋಡ್ತೀನಿ."

ಅವಳು ಕನ್ನಡಕ ಹುಡುಕುವಷ್ಟರಲ್ಲಿ ನಾನು ಅಡುಗೆಮನೆಗೆ ಹೋಗಿ ಒಂದು ಸಣ್ಣ ಕೆಲಸ ಮುಗಿಸಿಕೊಂಡು ಬಂದೆ.

ರವಿಕಿರಣನ ಅಡುಗೆಮನೆಯಲ್ಲಿ ಮಷೀನು ಮದುಮಗನ ಹಾಗೆ ನಡುವೆ ಕೂತಿತ್ತು. ಪಕ್ಕದಲ್ಲಿ ಬೀಜ ಪುಡಿ ಮಾಡುವ ಗ್ರೈಂಡರು, ಪುಡಿ ಒತ್ತುವ ಟ್ಯಾಂಪರು, ಚರಟ ಕೆಡವಲು ಅಡ್ಡಕ್ಕೆ ರಬ್ಬರ್ ಕಂಬಿಯಿರುವ ಡಬ್ಬಿ. ಗೋಡೆಗೆ ಒಂದು ಚೀಟಿ: "ಮುಟ್ಟಬೇಡಿ". ಕನ್ನಡ, ತೆಲುಗು, ಹಿಂದಿ, ಮೂರರಲ್ಲೂ ಬರೆದಿದ್ದ. ಸಾಬಮ್ಮನಿಗೆ ಮೂರೂ ಓದಲು ಬರುವುದಿಲ್ಲ.

"ಇದಕ್ಕೆ ನೀರು ಹಾಕೋದೂ ನಾನೇ," ಎಂದ ರವಿಕಿರಣ. "ಇಲ್ಲಿನ ಬೋರ್ ನೀರು ಹಾಕಿದ್ರೆ ಒಳಗೆಲ್ಲ ಬಿಳೀ ಸುಣ್ಣ ಕಟ್ಟುತ್ತೆ. ಕ್ಯಾನ್ ನೀರೇ ಆಗಬೇಕು. ಆದ್ರೂ ಎರಡು ತಿಂಗಳಿಗೊಮ್ಮೆ ಸುಣ್ಣ ತೆಗೀತೀನಿ. ಬೇರೆ ಯಾರ ಕೈಗೂ ಕೊಡಲ್ಲ."

"ಬಟ್ಟಲು ಕಡೀಗೆ ನೋಡಿದ್ದು ಯಾವಾಗ?" ಎಂದಳು ಅಹಲ್ಯಾ.

"ನಿನ್ನೆ ಬೆಳಿಗ್ಗೆ ಏಳಕ್ಕೆ. ಎರಡು ಕಪ್ ಮಾಡ್ದೆ. ಹಿಡಿಕೇನ ತಲೆಕೆಳಗು ಮಾಡಿ, ಈ ಕಂಬಿಗೆ ಹೊಡೆದು ಚರಟ ಕೆಡವಿದೆ. ಆಮೇಲೆ ಬಿಸಿನೀರಿನ ಬೋಗುಣೀಲಿ ಕ್ಲೀನಿಂಗ್ ಪೌಡರ್ ಹಾಕಿ ನೆನೆಯೋಕೆ ಬಿಟ್ಟೆ. ಹಿಡಿಕೆ, ಬಟ್ಟಲು, ಎರಡನ್ನೂ. ಇವತ್ತು ನೋಡಿದ್ರೆ ಹಿಡಿಕೆ ಮಾತ್ರ!"

"ಎರಡನ್ನೂ ಬಿಟ್ಟಿದ್ದು ಕಣ್ಣಾರೆ ನೋಡಿದ್ಯೇನು?"

"ದಿನಾ ಹಾಗೇ ಮಾಡೋದು ಆಂಟಿ."

ಅಹಲ್ಯಾ ಅವನನ್ನೇ ಒಂದು ಕ್ಷಣ ನೋಡಿದಳು. "ಚರಟದ ಡಬ್ಬಿ ಖಾಲಿ ಮಾಡೋರು ಯಾರು?"

"ನಾನೇ. ನಿನ್ನೆ ಮಧ್ಯಾಹ್ನ ಕೆಳಗಿನ ಗೊಬ್ಬರದ ಡ್ರಮ್ಮಿಗೆ ಸುರಿದೆ. ಗಿಡಗಳಿಗೆ ಒಳ್ಳೇದಲ್ವಾ?"

ಅವನ ಹೆಂಡತಿ ಕೃಪಾ ಮಂಗಳೂರಿನವಳು. ಬಾಗಿಲಿಗೆ ಒರಗಿ ನಿಂತಿದ್ದಳು.

"ನೀ ಏನರ ಮುಟ್ಟಿದ್ಯೇನವಾ?" ಎಂದು ಅಹಲ್ಯಾ ಅವಳನ್ನು ಕೇಳಿದಳು.

"ನಾನಾ? ನಾನು ಅದರ ಹತ್ರ ಹೋಗುದೇ ಇಲ್ಲ ಆಂಟಿ. ನಂಗೆ ಚಾ ಸಾಕು. ಮೊನ್ನೆ ಆಯುಧಪೂಜೆಗೆ ಮಾತ್ರ ಕುಂಕುಮ ಇಟ್ಟು ಹೂ ಹಾಕಿದ್ದು. ಇವರು ಎಲ್ಲ ಬಿಚ್ಚಿ, ತೊಳೆದು, ಬಾಳೆಲೆ ಮೇಲೆ ಜೋಡಿಸಿ ಕೊಟ್ಟರು. ಫೋಟೊ ಉಂಟು, ನೋಡಿ."

ಫೋಟೊದಲ್ಲಿ ಎಲ್ಲವೂ ಇತ್ತು: ಮಷೀನಿನ ಹಣೆಗೆ ಕುಂಕುಮ, ಎಲೆಯ ಮೇಲೆ ಟ್ಯಾಂಪರು, ಹಿಡಿಕೆ, ಬಟ್ಟಲು, ಮುಂದೆ ನೆಟ್ಟಗೆ ನಿಂತ ಒಂದು ಚೆಂಡುಹೂವು. ಅಹಲ್ಯಾ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಚೆಂಡುಹೂವನ್ನೇ ನೋಡಿದಳು. ನನಗೆ ಚೆಂಡುಹೂವಿನಲ್ಲಿ ಚೆಂಡುಹೂವೇ ಕಂಡಿತು.

"ಅವತ್ತು ಮಷೀನು ಚಾಲೂ ಮಾಡಿದ್ರೇನು?"

"ಪೂಜೆ ದಿನ ಆಯುಧ ಮುಟ್ಟಲಿಕ್ಕುಂಟಾ? ಇವರೂ ಅವತ್ತು ಚಾ ಕುಡಿದರು."

"ಪೂಜಿ ಹೂವು?"

"ನಿನ್ನೆ ಬೆಳಿಗ್ಗೆ ಬೇಗ ಎದ್ದು ತೆಗೆದೆ. ತುಳಸಿ ಬುಡಕ್ಕೆ ಹಾಕಿದೆ. ಪೂಜೆ ಹೂ ಕಸಕ್ಕೆ ಹಾಕುದಾ?"

ಸಾಬಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ನಮ್ಮನ್ನು ಕಂಡವಳೇ ಎದ್ದು ತನ್ನ ಚೀಲವನ್ನು ನೆಲಕ್ಕೆ ಝಾಡಿಸಿದಳು. ಒಂದು ಡಬ್ಬಿ, ಬಾಚಣಿಗೆ, ನಿನ್ನೆ ಹಂಚಿ ಉಳಿದ ಬನ್ನಿ ಎಲೆ ಬಿದ್ದವು.

"ನೋಡ್ರಿ ಅಮ್ಮಾರ. ಆ ಬಟ್ಟಲು ತಗೊಂಡು ನಾ ಏನ್ ಮಾಡ್ಲಿ? ತಳಕ್ಕೆಲ್ಲ ತೂತ ಐತಿ."

"ಚೀಲ ತುಂಬ್ಕೊ. ನಾ ಅದನ್ನ ಕೇಳಿಲ್ಲ," ಎಂದಳು ಅಹಲ್ಯಾ. "ನಿನ್ನಿ ಇವ ಕಾಫಿ ಮಾಡೂ ಹೊತ್ತಿಗೆ ನೀ ಎಲ್ಲಿದ್ದಿ?"

"ಸಿಂಕಿನ್ಯಾಗ ಭಾಂಡೆ ತಿಕ್ಕಾಕತ್ತಿದ್ದೆ. ಇವರು ಕಿವ್ಯಾಗ ಏನೋ ಸಿಗಿಸ್ಕೊಂಡು ಇಂಗ್ಲೀಷ್‌ನ್ಯಾಗ ಮಾತಾಡಾಕತ್ತಿದ್ರು."

"ಅಮೆರಿಕದ ಕ್ಲೈಂಟು," ಎಂದ ರವಿಕಿರಣ. "ಅವರಿಗೆಲ್ಲಿ ದಸರಾ?"

"ಏನರ ಸಪ್ಪಳಾತೇನು ಸಾಬಮ್ಮ?"

"ದಿನಾ ಇವರು ಬಡದ್ರ ಧಪ್ ಅಂತೈತ್ರಿ. ನಿನ್ನಿ ಠಣ್ ಅಂತು. ನಂದ ಚಮಚ ಬಿತ್ತೇನಂತ ಬಗ್ಗಿ ನೋಡಿದೆ. ಬಿದ್ದಿರ್ಲಿಲ್ಲ."

"ಇದನ್ನ ಇವಗ ಹೇಳಲಿಲ್ಲೇನು?"

"ಅವರು ಕೇಳ್ಲೇ ಇಲ್ರಿ. ಕೊಡು ಅಂದ್ರು, ಅಷ್ಟ."

ಅಹಲ್ಯಾ ಸೀದಾ ಒಳಗೆ ನಡೆದು ಬಾಲ್ಕನಿಗೆ ಹೋದಳು. ತುಳಸಿ ಕುಂಡದಲ್ಲಿ ಬಾಡಿದ ಹೂವುಗಳ ಸಣ್ಣ ಗುಡ್ಡೆ. ಎರಡು ಬೆರಳು ಹಾಕಿ ಕೆದಕಿ ಏನನ್ನೋ ಮೇಲೆತ್ತಿದಳು. ತೆಳ್ಳನೆಯ ತಂತಿಯ ಬಳೆ—ಅದಕ್ಕೆ ಇನ್ನೂ ಚೆಂಡುಹೂವಿನ ತೊಟ್ಟು ಸಿಕ್ಕಿಕೊಂಡಿತ್ತು.

"ಇದೇನು ಹೇಳು ರವಿಕಿರಣ."

ಅವನ ಮುಖ ಇಳಿದುಹೋಯಿತು. "ಹಿಡಿಕೆಯ ಸ್ಪ್ರಿಂಗು."

"ಅಯ್ಯೊ ದೇವರೇ! ಹೂ ಜಾರ್ತಿತ್ತು ಅಂತ ನಾನೇ ಅದರೊಳಗೆ ಸಿಕ್ಕಿಸಿದ್ದು," ಎಂದಳು ಕೃಪಾ. "ಎಲೆ ಮೇಲೆ ಬಿದ್ದಿತ್ತು. ಮಷೀನಿಂದು ಅಂತ ಗೊತ್ತಾಗ್ಲಿಲ್ಲ."

"ನಿಂದೇನ ತಪ್ಪಿಲ್ಲವಾ. ಇದರ ಕೆಲಸ ಏನಪಾ?"

"ಬಟ್ಟಲನ್ನ ಹಿಡಿಕೆಯೊಳಗೆ ಬಿಗಿಯಾಗಿ ಹಿಡಿದುಕೊಳ್ಳೋದು."

"ಇನ್ನೊಂದು ಬಟ್ಟಲು ಐತೇನು?"

ಮಷೀನಿನ ಜೊತೆ ಬಂದ ಹಳೇ ಬಟ್ಟಲನ್ನು ಅವನು ತಂದ. ಅಹಲ್ಯಾ ಅದನ್ನು ಸ್ಪ್ರಿಂಗಿಲ್ಲದ ಹಿಡಿಕೆಯೊಳಗೆ ಇಳಿಸಿದಳು. ಸಲೀಸಾಗಿ ಕೂತಿತು. ಹಿಡಿಕೆಯನ್ನು ಡಬ್ಬಿಯ ಮೇಲೆ ಬೋರಲು ಮಾಡಿ ಕಂಬಿಗೆ ಒಂದೇಟು ಹೊಡೆದಳು.

ಠಣ್! ಬಟ್ಟಲು ಡಬ್ಬಿಯೊಳಗೆ ಬಿದ್ದಿತ್ತು.

"ಅದ ಸಪ್ಪಳ!" ಎಂದು ಸಾಬಮ್ಮ ಹೊರಗಿನಿಂದಲೇ ಕೂಗಿದಳು.

"ಪೂಜಿಗೆ ಎಲ್ಲ ಬಿಚ್ಚಿ ತೊಳದೆ," ಎಂದಳು ಅಹಲ್ಯಾ. "ಮರುದಿನ ಜೋಡಿಸೂವಾಗ ಗಮನ ಫೋನಿನ್ಯಾಗಿತ್ತು. ಸ್ಪ್ರಿಂಗು ಮರತಿ. ಚರಟದ ಜೋಡಿ ಬಟ್ಟಲೂ ಡಬ್ಬಿಗೆ ಬಿತ್ತು. ಕಿವ್ಯಾಗ ಅಮೆರಿಕ ಕುಂತಿತ್ತು, ಕೇಳಲಿಲ್ಲ. ಬರೀ ಹಿಡಿಕಿ ನೀರಿಗೆ ಹಾಕಿ, ಬಟ್ಟಲನ್ನ ನಿನ್ನ ಕೈಯಾರೆ ಡ್ರಮ್ಮಿಗೆ ಸುರದಿ. ಬ್ಯಾರೆ ಯಾರೂ ಮುಟ್ಟಬಾರದು ಅಂತ ಬೋರ್ಡ್ ಹಾಕಿದವ ನೀನ. ಅಂದಮ್ಯಾಲೆ ಕೈ ಇನ್ನ್ಯಾರದಪಾ?"

ಅವನು ಕೆಳಗೆ ಓಡಿದ. ಹತ್ತು ನಿಮಿಷದಲ್ಲಿ ತೋಳಿನವರೆಗೆ ಗೊಬ್ಬರ ಮೆತ್ತಿಕೊಂಡು ಬಂದ. ಮುಷ್ಟಿಯಲ್ಲಿ ಬಟ್ಟಲಿತ್ತು.

"ಸಾರಿ ಆಂಟಿ."

"ನನಗ್ಯಾಕ? ಆಕಿ ಅಲ್ಲಿ ನಿಂತಾಳ ನೋಡು."

ರವಿಕಿರಣ ತಲೆ ತಗ್ಗಿಸಿದ. "ತಪ್ಪಾಯ್ತು ಸಾಬಮ್ಮ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿನ್ನಿ ನಿಮ್ಮ ಕೈಯಾಗ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಅಂದಿದ್ನಿರಿ. ಒಂದ್ ದಿನಾನೂ ಆಗ್ಲಿಲ್ಲ." ಅಷ್ಟು ಹೇಳಿ ನಮ್ಮ ಮನೆಯ ಕೆಲಸಕ್ಕೆ ಇಳಿದುಬಂದಳು.

ನಾನು ನಿರಾಳವಾಗಿ ಪೇಪರು ಬಿಡಿಸಿದೆ. ಎಂಥ ಹುಡುಗ, ಹಿಂದೆಮುಂದೆ ನೋಡದೆ ಬಡವರ ಮೇಲೆ ಕಳವು ಹೊರಿಸುತ್ತಾನಲ್ಲ ಎಂದು ಅಹಲ್ಯಾಳಿಗೆ ಹೇಳುತ್ತಿದ್ದೆ. ಆಗ ಸಿಂಕಿನ ಕಡೆಯಿಂದ ದನಿ ಬಂತು.

"ಸಾಹೇಬ್ರ, ನಿಮ್ಮ ಬೆಳ್ಳಿ ಲ್ವಾಟ ಇವತ್ತ ತೊಳ್ಯಾಕ ಬಿದ್ದಿಲ್ಲಲ್ರಿ?"

ಅಹಲ್ಯಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ರವಿಕಿರಣ ಬಾಗಲಾಗ ಇದ್ದಾಗ ಅಡಗಿಮನಿಗೆ ಯಾಕ ಹೋಗಿದ್ರಿ?"

ಕಪಾಟಿನ ಕೀಲಿಕೈ ನನ್ನ ಜೇಬಿನಲ್ಲೇ ಇತ್ತು. ಎದ್ದು ಹೋಗಿ ಬೀಗ ತೆಗೆದೆ. ಮುಂಜಾನೆಯ ಕಾಫಿ ಲೋಟದ ತಳದಲ್ಲಿ ಒಣಗಿ ಅಂಟಿಕೊಂಡಿತ್ತು. ಎಂಜಲು ಲೋಟವನ್ನು ಹಾಗೇ ಬೀಗದೊಳಗೆ ಇಟ್ಟಿದ್ದೆ. ಅದನ್ನು ಕೊಡುವಾಗ ಸಾಬಮ್ಮನ ಮುಖ ನೋಡಲು ನನ್ನಿಂದ ಆಗಲಿಲ್ಲ. ತುಂಬ ನಾಚಿಕೆಯಾಯಿತು.

ದಿನಾ ತೊಳೆದ ಲೋಟವನ್ನು ಬುಟ್ಟಿಯಲ್ಲಿ ಬೋರಲು ಹಾಕಿ ಹೋಗುತ್ತಿದ್ದವಳು ಅಂದು ಒರೆಸಿ ತಂದು ನನ್ನ ಕೈಯಲ್ಲಿಟ್ಟಳು.

"ಎಣಿಸಿ ಇಟಗೋರಿ ಸಾಹೇಬ್ರ," ಎಂದಳು. ಇದ್ದದ್ದು ಒಂದೇ ಲೋಟ.